ಎರಡು ಜೊತೆ ಉಣ್ಣೆಯ ಕಾಲುಚೀಲ

ಪ್ರಪಂಚದಲ್ಲಿ ನನ್ನಷ್ಟು ಚೆನ್ನಾಗಿ ಕನಸು ಹೇಳುವವನು ಇನ್ನೊಬ್ಬನಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಹೇಳಬೇಕಾದವರೆಲ್ಲ ಹೊಟ್ಟೆಕಿಚ್ಚಿನಿಂದ ಬಾಯಿ ಮುಚ್ಚಿಕೊಂಡಿರುವುದರಿಂದ ಬೇರೆ ದಾರಿಯಿಲ್ಲ. ಬೆಳಿಗ್ಗೆ ಎದ್ದು ನಾನು ಕನಸು ಹೇಳಲು ಕೂತರೆ ಹೆಂಚಿನ ಮೇಲಿನ ರೊಟ್ಟಿ ತಾನಾಗಿ ಮಗುಚಿಕೊಳ್ಳುತ್ತದೆ, ಟರ್ಕಿ ಕೋಳಿಗಳು ಮೇವು ಬಿಟ್ಟು ಬಾಗಿಲಲ್ಲಿ ಸಾಲಾಗಿ ನಿಲ್ಲುತ್ತವೆ. ಅಂಥ ನಾನು ಜೀವಮಾನದಲ್ಲಿ ಒಂದೇ ಸಲ ಸೋತೆ. ಸೋತಿದ್ದು ನನ್ನ ಭಾವ ನಿಕಾಸಿಯೊಗೆ. ವರ್ಷಕ್ಕೆ ಹನ್ನೆರಡು ಮಾತಾಡುವ ಮನುಷ್ಯ ಅವನು, ಅದರಲ್ಲೂ ಅರ್ಧ ಹೇಸರಗತ್ತೆಯ ಜೊತೆ.

ನಮ್ಮ ಊರು ಮೆಕ್ಸಿಕೊದ ಪೊಪೊಕಾತೆಪೆತ್ಲ್ ಬೆಟ್ಟದ ತೊಡೆಯ ಮೇಲೆ ಮಲಗಿದೆ. ಹೊರಗಿನವರು ಅದನ್ನು ಜ್ವಾಲಾಮುಖಿ ಎನ್ನುತ್ತಾರೆ. ನಾವು ದೊನ್ ಗೊಯೊ ಎನ್ನುತ್ತೇವೆ, ಸಲಿಗೆಯಲ್ಲಿ ಮುದುಕ ಎನ್ನುತ್ತೇವೆ. ಅವನ ಹುಟ್ಟುಹಬ್ಬ ಮಾರ್ಚ್ ಹನ್ನೆರಡಕ್ಕೆ, ಸಂತ ಗ್ರೆಗೊರಿಯೊನ ದಿನ; ಗೊಯೊ ಎಂಬುದು ಆ ಹೆಸರಿನದೇ ಮುದ್ದಿನ ರೂಪ. ಅಂದು ಊರಿಗೆ ಊರೇ ಬ್ಯಾಂಡು ಬಾರಿಸಿಕೊಂಡು ಮೇಲೆ ಹತ್ತಿ, ಹೊಕ್ಕುಳು ಎಂಬ ಬಂಡೆಯ ಹತ್ತಿರ ಅವನಿಗೆ ಊಟ ಬಡಿಸಿ, ಹೊಸ ಬಟ್ಟೆ ಕೊಟ್ಟು ಬರುತ್ತದೆ. ಯಾವ ಬಟ್ಟೆ ಎಂದು ಅವನೇ ಹೇಳಬೇಕು. ಹೇಳುವುದು ನನ್ನ ತಾಯಿ ದೊನ್ಯಾ ಕ್ರೆಸೆನ್ಸಿಯಾಳ ಕನಸಿನಲ್ಲಿ. ಫೆಬ್ರುವರಿಯಲ್ಲಿ ಯಾವಾಗಲೋ ಅವನು ಬಡ ಮುದುಕನ ವೇಷದಲ್ಲಿ ನಮ್ಮ ಅಡುಗೆಮನೆಗೆ ಬರುತ್ತಾನೆ, ಉಣ್ಣುತ್ತಾನೆ, ತನಗೇನು ಬೇಕೋ ಕೇಳುತ್ತಾನೆ. ಒಂದು ವರ್ಷ ಕರಿ ಸೂಟು ಕೇಳಿದ. ಒಂದು ವರ್ಷ ಬೂಟು ಕೇಳಿ ಅಳತೆ ಹೇಳದೆ ಹೋಗಿ ಊರಿನ ಗಂಡಸರೆಲ್ಲ ತಮ್ಮ ತಮ್ಮ ಕಾಲು ಹಿಡಿದುಕೊಂಡು ನಮ್ಮ ಅಂಗಳದಲ್ಲಿ ಕೂರುವ ಹಾಗಾಯಿತು. ನಾನು ಸೋತದ್ದಕ್ಕೆ ಹಿಂದಿನ ವರ್ಷ ಅಗಲ ಅಂಚಿನ ಟೋಪಿ. ಅಮ್ಮ ಈ ಕೆಲಸಕ್ಕೆ ನಿಂತಾಗಿನಿಂದ ನಮ್ಮ ಊರಿಗೆ ಆಲಿಕಲ್ಲು ಬಿದ್ದಿಲ್ಲ. ಬಿದ್ದರೆ ಪಕ್ಕದ ಊರಿಗೆ, ಅದೂ ಅವರ ನಡತೆಗೆ ತಕ್ಕಷ್ಟು.

ನಾನು ಸೋತ ವರ್ಷ ನಮ್ಮ ಮನೆಯ ಜಗಳ ಶುರುವಾದದ್ದು ಬೂದಿಯಿಂದ. ಮುದುಕ ಮುಂಜಾನೆ ಒಂದು ಸಲ ಕೆಮ್ಮಿದ್ದ. ಊರಿನ ಸೂರು, ಬೇಲಿ, ಕುರಿಗಳ ಬೆನ್ನು ಎಲ್ಲವೂ ಹಿಟ್ಟು ಸುರಿದಂತೆ ಬೂದುಬಣ್ಣಕ್ಕೆ ತಿರುಗಿ, ನಾಯಿ ನಡೆದರೂ ಸದ್ದಿಲ್ಲ. ನನ್ನ ಸೋದರ ಸೊಸೆ ಕುಕಾ ಚಾವಣಿಯ ಮೇಲೆ ಮಂಡಿಯೂರಿ, ಬಣ್ಣದ ಕುಂಚದಿಂದ ಬೂದಿ ಬಳಿದು ಸಣ್ಣ ಶೀಶೆಗೆ ತುಂಬುತ್ತಿದ್ದಳು. ಕೆಳಗೆ ಅವಳ ತಾಯಿ, ನನ್ನ ಅಕ್ಕ ಅಂಪಾರೊ, ಪೊರಕೆ ಹಿಡಿದು ಕಾಯುತ್ತಿದ್ದಳು.

"ಮುಗೀತಾ ನಿನ್ನ ಪೂಜೆ? ನಾನು ಗುಡಿಸ್ಬೇಕು."

"ಆ ಮೂಲೆ ಒಂದು ಬಿಡಮ್ಮ, ಪುಣ್ಯ ಬರುತ್ತೆ."

ಕುಕಾ ವಾರವೆಲ್ಲ ಪ್ವೆಬ್ಲಾ ನಗರದ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಾಳೆ. ಶನಿವಾರ ನನ್ನ ವ್ಯಾನಿನಲ್ಲಿ ಮನೆಗೆ ಬರುತ್ತಾಳೆ. ಬೂದಿಯ ಒಂದು ಕಣವನ್ನು ಸೀಳಿ, ಅದರೊಳಗೆ ಸಿಕ್ಕಿಕೊಂಡ ಗಾಳಿಗುಳ್ಳೆ ನೋಡಿ, ಬೆಟ್ಟ ಎಷ್ಟು ಆಳದಿಂದ ಉಸಿರೆಳೆದಿದೆ ಎಂದು ಹೇಳುತ್ತಾಳೆ. ನಮ್ಮ ದೇಶದಲ್ಲಿ ಇದನ್ನು ಬಲ್ಲವರು ಇಬ್ಬರೇ, ಇನ್ನೊಬ್ಬ ಯಾರೆಂದು ನನಗೆ ಗೊತ್ತಿಲ್ಲ. ಆ ದಿನ ಅವಳು ಏಣಿ ಇಳಿದು ಬಂದು, ಕೈ ತೊಳೆಯದೆಯೇ, ಬೆಳಗಿನ ಗಂಜಿಗೆ ಕೂತ ನಮ್ಮೆಲ್ಲರ ಮುಂದೆ ವಿಷಯ ಬಿಚ್ಚಿದಳು. ಐಸ್‌ಲೆಂಡಿನ ವಿಶ್ವವಿದ್ಯಾಲಯದಲ್ಲಿ ಅವಳಿಗೆ ಡಾಕ್ಟರೇಟ್ ಸೀಟು ಸಿಕ್ಕಿತ್ತು. ಖರ್ಚೆಲ್ಲ ಅವರದೇ. ಏಪ್ರಿಲ್ ಮಧ್ಯದೊಳಗೆ ಬರುತ್ತೇನೆ ಅಥವಾ ಬರುವುದಿಲ್ಲ ಎಂದು ಹೇಳಬೇಕು.

"ಎಷ್ಟು ವರ್ಷ?" ಅಂದಳು ಅಕ್ಕ.

"ನಾಲ್ಕು. ಐದಾದ್ರೂ ಆಗಬಹುದು."

"ಅಷ್ಟು ವರ್ಷ ಏನು ಓದ್ತೀಯ?"

"ಬೂದಿ."

ಅಕ್ಕ ಹೆಂಚಿನ ಮೇಲಿನ ರೊಟ್ಟಿಯನ್ನು ಅದು ಏನೋ ತಪ್ಪು ಮಾಡಿದ ಹಾಗೆ ತಿರುವಿ ಹಾಕಿದಳು. "ಹುಟ್ಟಿದಾಗಿನಿಂದ ಇದೇ ಬೂದಿ ಗುಡಿಸ್ತಿದ್ದೀನಿ. ನನ್ನನ್ನ ಯಾರೂ ಡಾಕ್ಟರ್ ಅನ್ಲಿಲ್ಲ."

"ನೀನು ಗುಡಿಸಿ ಚೆಲ್ತೀಯಮ್ಮ. ಚೆಲ್ಲದೆ ಇಟ್ಕೊಂಡೋರಿಗೆ ಕೊಡೋದು ಅದು."

"ಇಲ್ಲಿ ಬೆಟ್ಟ ಇಲ್ವಾ? ಮನೆ ಮುಂದೆ ಇಷ್ಟು ದೊಡ್ಡದು ಹೊಗೆ ಬಿಡ್ತಾ ನಿಂತಿದೆ. ಬೆಟ್ಟ ನೋಡೋಕೆ ಸಮುದ್ರ ದಾಟಿ ಹೋಗ್ಬೇಕಾ?"

"ಆ ಯಂತ್ರಗಳು ಇಲ್ಲಿಲ್ಲ. ಕಲಿತು ಬಂದ್ರೆ ನಮ್ಮ ಮುದುಕ ಯಾವಾಗ ಕೆಮ್ತಾನೆ ಅಂತ ಮುಂಚೆನೇ ಹೇಳಬಹುದು."

"ಅದನ್ನ ನಿಮ್ಮಜ್ಜಿ ಹೇಳ್ತಾಳೆ," ಎಂದೆ ನಾನು. ಜಗಳ ಆರುತ್ತಿರುವಾಗ ಒಂದು ಕಟ್ಟಿಗೆ ಹಾಕುವುದು ಮನೆಯ ಗಂಡಸಾಗಿ ನನ್ನ ಕರ್ತವ್ಯ.

ಅವಳ ಅಜ್ಜಿ, ಎಂದರೆ ನನ್ನ ಅಮ್ಮ, ಇಷ್ಟು ಹೊತ್ತೂ ಕದಿರು ತಿರುಗಿಸುತ್ತ ಉಣ್ಣೆ ಎಳೆಯುತ್ತಿದ್ದಳು. ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಬೆಟ್ಟಕ್ಕೆ ಊಟ ಯಾರು ಒಯ್ತಾರೆ?"

"ಯಾರೂ ಇಲ್ಲ ಅಜ್ಜಿ. ಅಲ್ಲಿ ಬೆಟ್ಟಗಳು ಮಂಜುಗಡ್ಡೆ ಕೆಳಗಿವೆ."

"ಹಸಿದಿದ್ದಾವೆ ಹಾಗಾದ್ರೆ. ಹಸಿದೋರ ಮನೆಗೆ ಹುಡುಗೀನ ಕಳಿಸೋದಾ?" ಕದಿರು ನಿಂತಿತು. "ಮುದುಕ ಬರಲಿ, ಅವನನ್ನೇ ಕೇಳೋಣ. ಅವನು ಹೂಂ ಅಂದ ಮೇಲೆ ಬೇಡ ಅನ್ನೋಕೆ ನಾನ್ಯಾರು."

"ಆಗ್ಲಿ ಅಜ್ಜಿ," ಎಂದಳು ಕುಕಾ. "ನೀನು ಹೂಂ ಅನ್ನದೆ ನಾನು ಹೋಗಲ್ಲ."

ನಾನು ನಿಕಾಸಿಯೊನ ಮುಖ ನೋಡಿದೆ, ಮಗಳ ತಂದೆ ಏನಾದರೂ ಅಂದಾನೆಂದು. ಅವನು ಅಂಗಿ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು, ಅತ್ತೆಯ ಬೆನ್ನು ಈಚೆಗಿರುವುದನ್ನು ಖಚಿತ ಮಾಡಿಕೊಂಡು, ಬೀನ್ಸ್ ಸಾರಿಗೆ ಒಂದು ಚಿಟಿಕೆ ಉಪ್ಪು ಉದುರಿಸಿಕೊಂಡ. ರಕ್ತದ ಒತ್ತಡಕ್ಕೆಂದು ಡಾಕ್ಟರು ಅಮ್ಮನಿಗೆ ಉಪ್ಪು ಬಿಡಿಸಿದ್ದರು. ಅಮ್ಮ ಅದನ್ನು ಇಡೀ ಮನೆಗೆ, ನಾಯಿಗೆ, ಹೇಸರಗತ್ತೆಗೆ ಸೇರಿಸಿ ಬಿಡಿಸಿದ್ದಳು. ಉಪ್ಪಿನ ಬಟ್ಟಲು ಅಟ್ಟದ ಮೇಲೆ ದೇಶಭ್ರಷ್ಟನಂತೆ ಕೂತಿತ್ತು. ನನಗೇನೂ ತೊಂದರೆಯಿರಲಿಲ್ಲ, ನಾನು ಊರಿನ ಎಲ್ಲ ಮನೆಗಳಲ್ಲೂ ಉಣ್ಣುತ್ತೇನೆ. ನಿಕಾಸಿಯೊ ಮಾತ್ರ ಒಂದು ದಿನವೂ ಸಪ್ಪೆ ಎಂದವನಲ್ಲ. ಉಂಡ ತಟ್ಟೆಯನ್ನು ತಾನೇ ತೊಳೆದು, ಕವುಚಿಟ್ಟು, ಹೊಲಕ್ಕೆ ಹೋದ.

ಆಮೇಲಿನ ವಾರಗಳು ಕನಸಿನ ವಾರಗಳು. ಬೆಳಗಾದರೆ ಮನೆಯವರೆಲ್ಲ ಅಜ್ಜಿಯ ಮುಖ ನೋಡುವುದು. ಅಜ್ಜಿ ಗಂಜಿ ಕುಡಿದು, ಮುಖ ಒರೆಸಿಕೊಂಡು, ಟರ್ಕಿಗಳಿಗೆ ಕಾಳು ಹಾಕಲು ಹೋಗುವುದು. ಬೆಟ್ಟ ತನ್ನ ಪಾಡಿಗೆ ನೀಲಿ ಆಕಾಶದೊಳಗೆ ಬಿಳಿ ಹೊಗೆಯ ಎಳೆ ಬಿಡುತ್ತ, ಪಕ್ಕದಲ್ಲಿ ಮಲಗಿರುವ, ಬಿಳಿ ಹೆಂಗಸು ಎಂದು ನಾವು ಕರೆಯುವ ಹಿಮದ ಬೆಟ್ಟದ ಕಡೆಗೆ ಅದನ್ನು ತೇಲಿಸುತ್ತಿತ್ತು. ಹಿಟ್ಟಿನ ಗಿರಣಿಯಲ್ಲಿ ಹೆಂಗಸರು ನನ್ನನ್ನು ಕೇಳುವರು: "ಏನಂತೆ ಈ ವರ್ಷ? ದರ್ಜಿಗೆ ಹೇಳೋದು ಬೇಡ್ವಾ?"

"ಯೋಚನೆ ಮಾಡ್ತಿದ್ದಾನೆ," ಎನ್ನುತ್ತಿದ್ದೆ. "ಈ ಸಲ ಅವನ ಆಸೆ ಸಣ್ಣದಲ್ಲ."

ಹೀಗೆ ಕಾದು ಕಾದು ಫೆಬ್ರುವರಿ ಅರ್ಧ ಸವೆದಾಗ, ಈ ಮನೆಯ ಭಾರ ನಾನೇ ಹೊರಬೇಕೆಂದು ತೀರ್ಮಾನಿಸಿದೆ. ಒಂದು ಭಾನುವಾರ ಬೆಳಿಗ್ಗೆ ಎಲ್ಲರೂ ಕೂತಿದ್ದಾಗ ಕನಸು ಹೇಳಿದೆ. ಏನು ಕನಸು ಅದು. ದೊನ್ ಗೊಯೊ ಬೆಳ್ಳಿಯ ತಡಿ ಹಾಕಿದ ಕುದುರೆಯ ಮೇಲೆ, ಹಿಂದೆ ಮೋಡದ ಸೈನ್ಯ, ಮುಂದೆ ಕಹಳೆ. ಕುದುರೆ ನಮ್ಮ ಅಂಗಳದಲ್ಲಿ ಕಾಲೂರಿದ ಕಡೆಯಲ್ಲೆಲ್ಲ ಅಕ್ರೋಟಿನ ಮರ ಎದ್ದವು. ಅವನು ಗುಡುಗಿನ ದನಿಯಲ್ಲಿ, 'ಎಲಿಹಿಯೊ, ಈ ಊರಿನ ಅತ್ಯಂತ ಬುದ್ಧಿವಂತನೇ, ಹುಡುಗಿಯನ್ನು ಕಳಿಸು' ಅಂದ. ಕುಕಾ ತಲೆ ತಗ್ಗಿಸಿದಳು. ನಗು ತಡೆಯಲು ಎಂದು ಕೆಟ್ಟವರು ಹೇಳುತ್ತಾರೆ.

ಅಮ್ಮ ಕೇಳಿದಳು: "ಊಟ ಮಾಡಿದನಾ?"

"ಯಾರು?"

"ಮುದುಕ."

"ಕುದುರೆ ಮೇಲಿದ್ದನಮ್ಮ, ಇಳೀಲಿಲ್ಲ. ಅವಸರ ಇತ್ತು."

"ಉಣ್ಣದೆ ಅವನು ಬಾಯಿ ಬಿಡಲ್ಲ. ನನ್ನ ಅಜ್ಜಿಯ ಕಾಲದಿಂದ ಬಿಟ್ಟಿಲ್ಲ. ಬಂದಿದ್ದು ಯಾರೋ ಕುದುರೆ ವ್ಯಾಪಾರಿ, ನಿನ್ನನ್ನ ಬುದ್ಧಿವಂತ ಅಂದಾಗಲೇ ಗೊತ್ತಾಗ್ಬೇಕಿತ್ತು ನಿನಗೆ." ಇಷ್ಟು ಹೇಳಿ ನನ್ನ ಮುಂದಿನ ರೊಟ್ಟಿಯ ಬುಟ್ಟಿಯನ್ನು ಎಳೆದುಕೊಂಡಳು.

ಅಕ್ಕ ಇದನ್ನು ನೋಡಿ ಕಲಿತಳು. ಮುಂದಿನ ವಾರ ಅವಳಿಗೂ ಕನಸು ಬಿತ್ತು. ಅವಳ ಮುದುಕ ಸರಿಯಾಗಿ ಬಂದ, ಒಲೆ ಪಕ್ಕ ಅವನಿಗೆಂದೇ ಇಟ್ಟ ಸ್ಟೂಲಿನ ಮೇಲೆ ಕೂತ, ಹೊಟ್ಟೆ ತುಂಬ ಉಂಡ. ಉಂಡು ಎದ್ದು ಗಳಗಳ ಅತ್ತು, 'ಒಬ್ಬಳೇ ಮಗಳು, ಅವಳನ್ನ ಹೊರಗೆ ಕಳಿಸಬೇಡ ಅಂಪಾರೊ' ಅಂದ.

"ಏನು ಬಡಿಸಿದ್ದೆ?" ಎಂದಳು ಅಮ್ಮ.

"ಮೋಲೆ. ಟರ್ಕಿ ಮಾಂಸ ಹಾಕಿ, ಒಣ ಮೆಣಸಿನಕಾಯಿ ನಾಲ್ಕು ತರಹದ್ದು ಅರೆದು. ಚಾಕೊಲೇಟೂ ಹಾಕಿದ್ದೆ."

"ಯಾವಾಗ ಬಂದಿದ್ದ?"

"ಇವತ್ತೇ, ಬೆಳಗಿನ ಜಾವ."

"ಇವತ್ತು ಶುಕ್ರವಾರ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ. ಸಂತನ ಹೆಸರಿಟ್ಕೊಂಡೋನು ಮಾಂಸ ಮುಟ್ಟಿದನಾ?"

ಆ ಒಂದು ಟರ್ಕಿಯಿಂದ ಎಂಥ ಒಳ್ಳೆಯ ಕನಸು ಹಾಳಾಯಿತು ಎಂದು ನನಗೇ ಸಂಕಟವಾಯಿತು. ಅಕ್ಕ ಅರೆಯುವ ಕಲ್ಲಿನ ಮುಂದೆ ಕೂತು, ಅರೆಯಲು ಏನೂ ಇಲ್ಲದಿದ್ದರೂ ಗುಂಡುಕಲ್ಲು ಆಡಿಸುತ್ತ ಅಂದಳು: "ನಗ್ರಿ ಎಲ್ಲಾರೂ. ಮುದುಕ ಕೆಮ್ಮಿ ಊರು ಖಾಲಿ ಮಾಡಿ ಅಂತ ಸೈನಿಕರು ಬಂದಾಗ, ಈ ಅಜ್ಜಿ ಮಂಚ ಬಿಟ್ಟು ಏಳಲ್ಲ. ಹೋದ ಸಲ ಏಳಿಸಿದ್ದು ಕುಕಾ. ಮುಂದಿನ ಸಲ ಯಾರು ಏಳಿಸ್ತೀರೋ ನೋಡ್ತೀನಿ." ನಿಕಾಸಿಯೊ ತನ್ನ ತಟ್ಟೆಯ ಜೊತೆ ಅವಳ ತಟ್ಟೆಯನ್ನೂ ತೊಳೆದಿಟ್ಟ.

ಮಾರ್ಚ್ ಬಂತು. ಮೊದಲ ಭಾನುವಾರ ಕುಕಾ ಮತ್ತು ಅಜ್ಜಿ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಕಂಬಳಿ ಹಿಂಡುತ್ತಿದ್ದರು. ನಾನು ಟರ್ಕಿ ಗೂಡಿನ ಹಿಂದಿದ್ದೆ, ಕದ್ದು ಕೇಳಲಿಕ್ಕಲ್ಲ, ಟರ್ಕಿಗಳಿಗೆ ಬೇಜಾರಾಗದಿರಲೆಂದು. ನನ್ನ ಕಿವಿ ಎಷ್ಟು ಚುರುಕೆಂದರೆ ಮೂರು ಊರಾಚೆ ಮೊಟ್ಟೆ ಒಡೆದರೂ ಹಳದಿ ಎಷ್ಟಿತ್ತು ಎಂದು ಹೇಳಬಲ್ಲೆ.

"ಅವನು ಬಂದಿಲ್ಲ ಮಗಳೇ," ಎಂದಳು ಅಜ್ಜಿ.

"ಇನ್ನೂ ಟೈಮಿದೆ ಅಜ್ಜಿ."

"ಇಲ್ಲ. ಹೋದ ವರ್ಷವೂ ಬಂದಿರಲಿಲ್ಲ."

ಕಂಬಳಿಯಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು.

"ಮತ್ತೆ ಆ ಟೋಪಿ?"

"ನಾನೇ ಹೇಳಿದ್ದು. ಊರೆಲ್ಲ ಬಾಗಿಲಲ್ಲಿ ನಿಂತಿತ್ತು, ಏನು ಮಾಡ್ಲಿ? ಬಿಸಿಲಿಗೆ ಮುದುಕನಿಗೆ ಟೋಪಿ ಇರಲಿ ಅನ್ನಿಸ್ತು. ಟೋಪಿಗಾದ್ರೆ ಸುಳ್ಳು ಹೇಳಬಹುದು. ನಿನ್ನ ವಿಷಯದಲ್ಲಿ ನನ್ನಿಂದಾಗಲ್ಲ. ಅವನು ಹೂಂ ಅನ್ನದೆ ನಾನು ಹೂಂ ಅಂದು, ಅಲ್ಲಿ ನಿನಗೇನಾದ್ರೂ ಆದ್ರೆ?" ಕಂಬಳಿಯ ಮಡಿಕೆ ಬಿಡಿಸುತ್ತ ಮತ್ತೆ ಅಂದಳು: "ಕೂತು ಕಾಯ್ತೀನಿ. ಒಲೆ ಪಕ್ಕ ಅವನ ಸ್ಟೂಲು ಖಾಲಿ. ನನ್ನ ಅಡುಗೆ ಅವನಿಗೆ ಸಾಕಾಯ್ತೋ ಏನೋ."

"ಹಾಗಾದ್ರೆ ನಾನೂ ಕಾಯ್ತೀನಿ," ಎಂದಳು ಕುಕಾ. "ಅವರಿಗೆ ಬರಲ್ಲ ಅಂತ ಹೇಳಿಬಿಡ್ತೀನಿ. ಬೂದಿ ಎಲ್ಲಿಗೂ ಓಡಿಹೋಗಲ್ಲ. ನಿನ್ನನ್ನ ಹೀಗೆ ಬಿಟ್ಟು ಹೋದ್ರೆ ಅಲ್ಲಿ ನಾನೇನು ಓದ್ತೀನಿ?"

"ಹುಚ್ಚು ಹುಡುಗಿ," ಎಂದಳು ಅಜ್ಜಿ. ಆದರೆ ಬೇಡ ಎನ್ನಲಿಲ್ಲ. ಇಬ್ಬರೂ ಕಂಬಳಿಯ ಎರಡು ತುದಿ ಹಿಡಿದು ತಿರುಚಿದರು, ಬೂದುಬಣ್ಣದ ನೀರು ಹರಿದು ಕಲ್ಲಿನ ಸಂದಿಯಲ್ಲಿ ಇಂಗಿತು.

ಈ ಗುಟ್ಟನ್ನು ನಾನು ಯಾರಿಗೂ ಹೇಳಲಿಲ್ಲ. ನಿಕಾಸಿಯೊಗೆ ಹೇಳಿದೆ, ಅವನಿಗೆ ಹೇಳುವುದೂ ಬಾವಿಗೆ ಹೇಳುವುದೂ ಒಂದೇ. ಅವನು ಹೊಲದ ಅಂಚಿನಲ್ಲಿ ಕೂತು ಹೇಸರಗತ್ತೆಯ ತಡಿ ಹೊಲಿಯುತ್ತಿದ್ದ. ನಾನು ಕೈಕಾಲು ಆಡಿಸಿ, ಅಜ್ಜಿ ಹೀಗೆ ಅಂದಳು, ಮಗಳು ಹಾಗೆ ಅಂದಳು, ಸೀಟು ಹೋದ ಹಾಗೇ ಎಂದು ಪೂರ್ತಿ ಅಭಿನಯಿಸಿದೆ. ಅವನು ಸೂಜಿ ಎಳೆದು ಗಂಟು ಹಾಕಿದ. ಬೆಟ್ಟವನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ:

"ಶುಕ್ರವಾರ ಏನು ತಿಂತಾನೆ ಅವನು?"

"ಯಾರು, ಮುದುಕನಾ? ಬೀನ್ಸು, ರೊಟ್ಟಿ. ನಮ್ಮ ಹಾಗೇ. ಯಾಕೆ ಭಾವ?"

"ಸುಮ್ಮನೆ."

ನನ್ನಂಥ ಚಾಣಾಕ್ಷನಿಗೂ ಆಗ ಏನೂ ಹೊಳೆಯಲಿಲ್ಲ. ಅದಕ್ಕೆ ಕಾರಣ ಅಂದಿನ ಬಿಸಿಲು.

ಮುಂದಿನ ಶುಕ್ರವಾರ ಬೆಳಿಗ್ಗೆ, ಹಬ್ಬಕ್ಕೆ ಇನ್ನು ಕೆಲವೇ ದಿನ ಇದ್ದಾಗ, ಕುಕಾ ಇನ್ನೂ ನಗರದಲ್ಲಿದ್ದಾಗ, ಒಲೆಯ ಸುತ್ತ ನಾವು ನಾಲ್ವರೇ ಕೂತಿದ್ದೆವು. ನಿಕಾಸಿಯೊ ಬಾಯಿ ತೆರೆದ. ಆ ಸದ್ದಿಗೆ ಹೊರಗೆ ನಾಯಿ ಎದ್ದು ನಿಂತಿತು, ಮೂರು ಟರ್ಕಿಗಳು ಅಲ್ಲೇ ಮೊಟ್ಟೆಯಿಟ್ಟವು, ಅದರಲ್ಲಿ ಒಂದು ಹುಂಜ.

"ಅತ್ತೆ, ರಾತ್ರಿ ಒಬ್ಬ ಮುದುಕ ಬಂದಿದ್ದ."

"ಎಲ್ಲಿಗೆ?"

"ಇಲ್ಲಿಗೆ. ಆ ಸ್ಟೂಲಿನ ಮೇಲೆ ಕೂತಿದ್ದ."

ಅಮ್ಮ ಕದಿರು ಕೆಳಗಿಟ್ಟಳು. "ಊಟ ಮಾಡಿದನಾ?"

"ಮಾಡಿದ. ಬೀನ್ಸು. ಎರಡು ತಟ್ಟೆ."

"ಏನಂದ?"

ನಿಕಾಸಿಯೊ ಯೋಚಿಸಿದ. "ಉಪ್ಪಿದೆಯಾ ಅಂದ."

"ಕೊಟ್ಟೆಯಾ?"

"ಕೊಟ್ಟೆ."

ಇಂಥ ದರಿದ್ರ ಕನಸನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಕುದುರೆಯಿಲ್ಲ, ಕಹಳೆಯಿಲ್ಲ, ಒಂದು ಗುಡುಗಾದರೂ ಬೇಡವೇ. ಪಕ್ಕದಲ್ಲಿ ಕೂತು ಹೇಳಿಕೊಡಲೇ ಎನ್ನಿಸುವಷ್ಟು ಕೈ ಕಡಿಯಿತು.

"ಆಮೇಲೆ?" ಎಂದಳು ಅಮ್ಮ.

"ಕಾಲುಚೀಲ ಬೇಕು ಅಂದ. ಉಣ್ಣೇದು. ಎರಡು ಜೊತೆ."

"ಅವನಿಗಿರೋದು ಎರಡೇ ಕಾಲು. ಎರಡು ಜೊತೆ ಯಾಕಂತೆ?"

"ನಾನು ಕೇಳ್ಲಿಲ್ಲ."

"ಕುಕಾ ವಿಷಯ?" ಎಂದಳು ಅಕ್ಕ, ದನಿ ಸಣ್ಣದಾಗಿತ್ತು.

"ಏನೂ ಅನ್ನಲಿಲ್ಲ. ತಟ್ಟೆ ತೊಳೆದಿಟ್ಟು ಹೋದ."

ಅಮ್ಮ ಅಳಿಯನ ಮುಖವನ್ನು ನೋಡಿದಳು. ಅವಳ ಆ ನೋಟಕ್ಕೆ ಬಿದ್ದು ಸುಳ್ಳು ಉಳಿಸಿಕೊಂಡವರನ್ನು ನಾನು ಕಂಡಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ನಿಕಾಸಿಯೊ ಕಣ್ಣು ತಗ್ಗಿಸಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು, ಅದು ಒಲೆಯ ಕಾವಿಗೂ ಆಗಿರಬಹುದು. ಒಲೆಯೊಳಗೆ ಒಂದು ಕೊಳ್ಳಿ ಮುರಿದು ಬಿತ್ತು. ಅಮ್ಮ ಎದ್ದು, ಮೂಲೆಯ ಬುಟ್ಟಿಯಿಂದ ಕರಿ ಉಣ್ಣೆಯ ಉಂಡೆ ತಂದು ಕೂತು, ನಾಲ್ಕು ಕಡ್ಡಿಗಳ ಮೇಲೆ ಮೊದಲ ಕುಣಿಕೆ ಹಾಕಿದಳು.

"ಒಂದು ಜೊತೆ ಅವನಿಗೆ," ಎಂದಳು. "ಇನ್ನೊಂದು ಮಂಜುಗಡ್ಡೆ ಮೇಲೆ ನಡೆಯೋರಿಗೆ. ಇಷ್ಟೂ ತಿಳಿಯಲ್ವಾ ನಿಮಗೆ?"

"ಅವನು ಹಾಗಂತ ಹೇಳಲಿಲ್ಲಮ್ಮ," ಎಂದಳು ಅಕ್ಕ.

"ಅವನು ಯಾವತ್ತು ಬಿಡಿಸಿ ಹೇಳಿದ್ದಾನೆ? ರೊಟ್ಟಿ ಸೀದು ಹೋಗ್ತಿದೆ ನೋಡು."

ರೊಟ್ಟಿ ನಿಜವಾಗಿಯೂ ಸೀದಿತ್ತು. ಅಕ್ಕ ಅದನ್ನು ನಿಕಾಸಿಯೊನ ತಟ್ಟೆಗೇ ಹಾಕಿದಳು. ಅವನು ಪೂರ್ತಿ ತಿಂದ.

ಹೇಳಿದ ಕನಸನ್ನು ಮತ್ತೆ ಹೇಳಬಾರದು, ಹಳಸಿಹೋಗುತ್ತದೆ ಎಂದು ಅಮ್ಮ ನಮಗೆಲ್ಲ ಆಣೆ ಹಾಕಿದಳು. ಆದ್ದರಿಂದ ಶನಿವಾರ ಕುಕಾ ಬಂದಾಗ ಅವಳಿಗೆ ಸಿಕ್ಕಿದ್ದು ಇಷ್ಟೇ: ಅವನು ಬಂದಿದ್ದ, ಕಾಲುಚೀಲ ಕೇಳಿದ, ಅಜ್ಜಿ ಹೂಂ ಅಂದಿದ್ದಾಳೆ. ಕುಕಾ ಬಾಗಿಲಲ್ಲೇ ಚೀಲ ಇಳಿಸಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟಳು. ಅಜ್ಜಿ ಹೆಣೆಯುವುದನ್ನು ನಿಲ್ಲಿಸಲಿಲ್ಲ. ಕಡ್ಡಿಗಳು ಹುಡುಗಿಯ ಕೂದಲಿನ ಮೇಲೆ ಟಿಕ್ ಟಿಕ್ ಎನ್ನುತ್ತಿದ್ದವು. ಬೀನ್ಸು, ಉಪ್ಪು ಎಂಬ ಉಳಿದ ಸಂಗತಿಯನ್ನು ನಾನೂ ಯಾರಿಗೂ ಹೇಳಲಿಲ್ಲ. ಗಿರಣಿಯಲ್ಲಿ ಒಂದು ಸಲ, ವ್ಯಾನಿನಲ್ಲಿ ಹೋಗುವಾಗ ಮತ್ತು ಬರುವಾಗ, ಬ್ಯಾಂಡಿನವರಿಗೆ ಒಟ್ಟಾಗಿ, ಅಷ್ಟೇ. ಕುಕಾಳಿಗೆ ಖಂಡಿತ ಹೇಳಿಲ್ಲ.

ಹನ್ನೆರಡನೇ ತಾರೀಖು ನಾವು ಹತ್ತಿದೆವು. ಅಂಥ ಮೆರವಣಿಗೆಯನ್ನು ಯಾವ ರಾಜನೂ ಕಂಡಿಲ್ಲ; ಮುಂದಿನ ಕಹಳೆಯವನು ಹೊಕ್ಕುಳು ಮುಟ್ಟಿದಾಗ ಕೊನೆಯ ಡೋಲಿನವನು ಇನ್ನೂ ತನ್ನ ಮನೆಯಲ್ಲಿ ಬೂಟು ಹುಡುಕುತ್ತಿದ್ದ. ಅಜ್ಜಿ ಹೇಸರಗತ್ತೆಯ ಮೇಲೆ, ಹಗ್ಗ ನಿಕಾಸಿಯೊನ ಕೈಯಲ್ಲಿ, ಪಕ್ಕದಲ್ಲಿ ಕುಕಾ. ದೇವದಾರುಗಳು ಮುಗಿದ ಮೇಲೆ ಬರೀ ಹಳದಿ ಹುಲ್ಲು, ಆಮೇಲೆ ಕಪ್ಪು ಮರಳು. ಮೋಡ ನಮ್ಮ ಮೊಣಕಾಲಿನ ಕೆಳಗೆ ಹರಿಯುತ್ತಿತ್ತು. ಕೊಳಲು ಊದುವವನ ಉಸಿರು ಬಿಳಿಯಾಗಿ ಹೊರಬಂದು, ರಾಗಕ್ಕಿಂತ ಮೊದಲೇ ಮೇಲೇರಿ ಹೋಗುತ್ತಿತ್ತು. ಯಾರು ನಡೆಯುತ್ತಿದ್ದಾರೆ, ಯಾರು ತೇಲುತ್ತಿದ್ದಾರೆ ಎಂದು ಹೇಳುವ ಹಾಗಿರಲಿಲ್ಲ.

ಬಂಡೆಯ ಹತ್ತಿರ ಅಜ್ಜಿ ಬಟ್ಟೆ ಹಾಸಿ ಮೋಲೆ, ಕಲ್ಲಂಗಡಿ, ಸಿಹಿ ಬ್ರೆಡ್ಡು, ಟಕೀಲಾ ಮದ್ಯ ಇಟ್ಟಳು. ಮಧ್ಯದಲ್ಲಿ ಕಾಲುಚೀಲ, ಒಂದೇ ಜೊತೆ. "ಇಗೋ ಗೊಯೊ," ಎಂದಳು, ಪಕ್ಕದ ಮನೆಯವನಿಗೆ ಹೇಳುವ ಹಾಗೆ. "ನಿನ್ನದು ಇಲ್ಲಿದೆ. ಇನ್ನೊಂದು ಜೊತೆ ನಮ್ಮ ಹುಡುಗೀದು. ಅವಳು ದೂರ ಹೋಗ್ತಾಳೆ. ಅಲ್ಲಿ ನಿನ್ನ ಕಡೆಯೋರು ಯಾರಾದ್ರೂ ಇದ್ರೆ ಹೇಳಿ ಕಳಿಸು, ನೋಡ್ಕೊಳ್ಳಿ." ಬೆಟ್ಟ ಆಗ ಒಂದು ಉಂಗುರ ಹೊಗೆ ಬಿಟ್ಟಿತು. ಅದರೊಳಗೆ ಮೆಕ್ಸಿಕೊ ದೇಶವನ್ನು ಮಡಿಸಿ ತೂರಿಸಬಹುದಿತ್ತು. ಅಷ್ಟು ದೊಡ್ಡದಿರಲಿಲ್ಲ, ಸಣ್ಣ ಮೋಡದಷ್ಟಿತ್ತು ಎಂದು ಕುಕಾ ಹೇಳುತ್ತಾಳೆ. ಓದಿದವರಿಗೆ ಕಣ್ಣು ಸಾಲದು.

ಇಳಿಯುವಾಗ ನಿಕಾಸಿಯೊನ ಪಕ್ಕಕ್ಕೆ ಹೋಗಿ, "ನಿಜವಾಗ್ಲೂ ಬಂದಿದ್ದನಾ ಭಾವ?" ಎಂದು ಕೇಳಿದೆ. ಅವನು ಹೇಸರಗತ್ತೆಗೆ ಏನೋ ಹೇಳಿದ. ಅದು ಕಿವಿ ಅಲ್ಲಾಡಿಸಿತು. ನನಗೆ ಸಿಕ್ಕಿದ ಉತ್ತರ ಅಷ್ಟೇ.

ಆಗಸ್ಟಿನಲ್ಲಿ ಕುಕಾ ಹೊರಟಳು. ಹೊರಡುವ ದಿನದ ಜಗಳ ಪೆಟ್ಟಿಗೆಯದು.

"ಶೀಶೆ ತೆಗಿ. ಮೋಲೆ ಹಿಡಿಯಲ್ಲ," ಎಂದಳು ಅಕ್ಕ.

"ಅಮ್ಮಾ, ಆ ಬೂದಿ ನಾನು ಹನ್ನೆರಡು ವರ್ಷದವಳಿದ್ದಾಗಿಂದ ಕೂಡಿಟ್ಟಿದ್ದು."

"ಬೂದಿ ಕಲಸ್ಕೊಂಡು ತಿಂತೀಯಾ ಅಲ್ಲಿ?"

ಕೊನೆಗೆ ಶೀಶೆಗಳನ್ನು ಅಕ್ಕನೇ ಒಂದೊಂದಾಗಿ ಒಳಂಗಿಗಳಲ್ಲಿ ಸುತ್ತಿ, ಮಧ್ಯದಲ್ಲಿ ಮೋಲೆ ಮಸಾಲೆಯ ಉಂಡೆ ಇಟ್ಟು, ಪೆಟ್ಟಿಗೆಯ ಮೇಲೆ ಕೂತು ಬೀಗ ಹಾಕಿದಳು. ಹಾಕಿ ಆದ ಮೇಲೂ ಏಳಲಿಲ್ಲ. ನಾನು ವ್ಯಾನಿನ ಹಾರನ್ನು ಮೂರು ಸಲ ಬಾರಿಸಿದೆ. ನಿಕಾಸಿಯೊ ಬಂದು, ಹೆಂಡತಿಯನ್ನು ಎಬ್ಬಿಸಿ, ಪೆಟ್ಟಿಗೆಯನ್ನು ಹೆಗಲಿಗೇರಿಸಿದ. ಕುಕಾ ಸುಡುಬಿಸಿಲಿನಲ್ಲಿ ಕರಿ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ವ್ಯಾನು ಹತ್ತಿದಳು. ತಿರುವು ಬರುವವರೆಗೂ ಹಿಂದಿನ ಗಾಜಿನಲ್ಲಿ ನೋಡುತ್ತಿದ್ದಳು, ಮನೆಯನ್ನೋ ಬೆಟ್ಟವನ್ನೋ. ನಮ್ಮ ಊರಿನಲ್ಲಿ ಎರಡೂ ಒಂದೇ ದಿಕ್ಕಿಗಿವೆ.

ಮತ್ತೆ ಫೆಬ್ರುವರಿ ಬಂತು. ಅಮ್ಮನಿಗೆ ಕನಸಿಲ್ಲ. ಅವಳು ಈಗ ಅದನ್ನು ಬಚ್ಚಿಡುತ್ತಿರಲಿಲ್ಲ. ಗಂಜಿ ಕುಡಿಯುತ್ತ, "ಇವತ್ತೂ ಇಲ್ಲ," ಎಂದು ಖಾಲಿ ಸ್ಟೂಲಿಗೆ ಹೇಳುವಳು. ಒಂದು ಭಾನುವಾರ ಬೆಳಿಗ್ಗೆ, ಹೊರಗೆ ಬೂದಿ ಮಂಜಿನ ಹಾಗೆ ಮೆಲ್ಲಗೆ ಉದುರುತ್ತಿತ್ತು. ಕುಕಾಳ ಫೋನು ಬಂತು. ಅಕ್ಕ ಫೋನನ್ನು ರೊಟ್ಟಿ ಬುಟ್ಟಿಗೆ ಒರಗಿಸಿ ನಿಲ್ಲಿಸಿದಳು. ಅಲ್ಲಿ ಕಿಟಕಿಯಾಚೆ ನಿಜವಾದ ಮಂಜು ಉದುರುತ್ತಿತ್ತು. ಎರಡೂ ಕಡೆ ಒಂದೇ ಬಿಳಿ, ನಡುವೆ ನಮ್ಮ ಹುಡುಗಿಯ ಮುಖ.

"ಅಜ್ಜಿ," ಎಂದಳು. "ನಿನ್ನೆ ಅವನು ಬಂದಿದ್ದ."

ಅಕ್ಕನ ಕೈ ಹಿಟ್ಟಿನಲ್ಲೇ ನಿಂತಿತು.

"ಊಟ ಮಾಡಿದನಾ?" ಎಂದಳು ಅಮ್ಮ.

"ಮಾಡಿದ. ಹಾಸ್ಟೆಲ್ ಅಡುಗೆಮನೇಲಿ ಬೀನ್ಸ್ ಮಾಡಿದ್ದೆ. ಬಂದು ಕೂತು ತಿಂದ. ಅವನ ಕಾಲಲ್ಲಿ ನಿನ್ನ ಕಾಲುಚೀಲ ಇತ್ತು ಅಜ್ಜಿ. ಹಿಮ್ಮಡಿ ಹತ್ರ ಪೂರ್ತಿ ಸವೆದುಹೋಗಿತ್ತು."

ಅಮ್ಮ ಕಣ್ಣು ಮುಚ್ಚಿದಳು. "ನಡೆದೇ ಹೋಗಿದ್ದಾನೆ," ಎಂದಳು. "ಅಷ್ಟು ದೂರ. ಅದಕ್ಕೇ ಇಲ್ಲಿ ಕಾಣ್ತಿಲ್ಲ." ಎಷ್ಟೋ ಕಾಲದಿಂದ ಬಿಗಿದುಕೊಂಡಿದ್ದ ಅವಳ ಭುಜಗಳು ಇಳಿದವು. "ಏನಾದ್ರೂ ಅಂದನಾ?"

"ಅಂದ. ಉಪ್ಪು ಜಾಸ್ತಿ ಆಯ್ತು ಅಂದ."

ನಾನು ನಿಕಾಸಿಯೊನನ್ನು ನೋಡಿದೆ. ಅವನ ಕೈ ಅಂಗಿ ಜೇಬಿನ ಹತ್ತಿರ ಹೋಗಿತ್ತು, ಅಲ್ಲೇ ಉಳಿಯಿತು. ಅವನ ಮುಖ ಬೂದಿ ಬಿದ್ದ ಸೂರಿನ ಹಾಗಿತ್ತು.

"ಅಪ್ಪನ ಕೈ ಬಂದಿದೆ ನನಗೆ ಅನ್ಸುತ್ತೆ," ಎಂದು ಕುಕಾ ನಗುತ್ತಿದ್ದಳು. "ಆಮೇಲೆ ಒಂದು ಶಾಲು ಬೇಕು ಅಂದ. ನೀನು ಹೆಣೆದಿಡು ಅಜ್ಜಿ."

"ಹೆಣೀತೀನಿ. ನೀನು ಅವನಿಗೆ ಸಪ್ಪೆ ಮಾಡಿಡು. ಮುದುಕರಿಗೆ ಉಪ್ಪು ಆಗಲ್ಲ, ನಾನು ಎಷ್ಟು ಸಲ ಹೇಳಿಲ್ಲ."

ಫೋನು ಆರಿತು. ಪ್ರಪಂಚದ ಅತಿ ದೊಡ್ಡ ಮಾತುಗಾರನಾದ ನನಗೆ ಆಡಲು ಒಂದು ಅಕ್ಷರವೂ ಸಿಗಲಿಲ್ಲ. ಅಮ್ಮ ಕದಿರು ಎತ್ತಿಕೊಂಡು, ಸ್ವಲ್ಪ ಹೊತ್ತು ಎಳೆ ಎಳೆದು, ತಲೆಯೆತ್ತದೆ ಹೇಳಿದಳು:

"ಅಂಪಾರೊ, ಅಟ್ಟದ ಮೇಲಿಂದ ಆ ಉಪ್ಪಿನ ಬಟ್ಟಲು ತೆಗೆದು ನಿನ್ನ ಗಂಡನ ಮುಂದಿಡು. ಅವನೇನು ದೊನ್ ಗೊಯೊ ಅಲ್ಲವಲ್ಲ."

ಅಕ್ಕ ಸ್ಟೂಲು ಎಳೆದುಕೊಂಡು ಹತ್ತಿದಳು. ಬಟ್ಟಲಿನ ಮೇಲೆ ಬೆರಳು ದಪ್ಪ ಬೂದಿ ಕೂತಿತ್ತು. ಅದನ್ನು ಊದಿ ಹಾರಿಸಲು ಹೋದವಳು ತಡೆದು, ಗೋಡೆಯ ಗೂಡಿನಿಂದ ಕುಕಾ ಬಿಟ್ಟು ಹೋಗಿದ್ದ ಒಂದು ಖಾಲಿ ಶೀಶೆ ತಂದು, ಬೂದಿಯನ್ನು ಹೊದ್ದ ಶಾಲಿನ ತುದಿಯಿಂದ ಮೆಲ್ಲಗೆ ಬಳಿದು ಅದರೊಳಗೆ ತುಂಬಿ, ಮುಚ್ಚಳ ತಿರುಗಿಸಿದಳು. ಆಮೇಲೆ ಬಟ್ಟಲನ್ನು ಗಂಡನ ಮುಂದಿಟ್ಟಳು.